ಹಗೇವಿಗಿಳಿದ ದ್ರಾಕ್ಷಾಸವ

ದಾರೂಬಂದಿ ಬಂದ ಮೇಲೆ ನಮ್ಮ ಮಾವನವರಿಗೆ ಊರಿನ ಮೂಗುಗಳ ಭಯ ಹಿಡಿಯಿತು. ಜಮಖಂಡಿ ಸಂಸ್ಥಾನ ವಿಲೀನವಾಗಿ ನಾವೆಲ್ಲ ಮುಂಬಯಿ ಸರಕಾರದ ಕೆಳಗೆ ಬಂದಿದ್ದೆವು. ಸೆರೆ ಅಂಗಡಿಗಳು ಮುಚ್ಚಿದ್ದವು, ಕದ್ದು ಕಾಸುವವರನ್ನು ಹಿಡಿಯಲು ಜಮಾದಾರರು ಊರೂರು ತಿರುಗುತ್ತಿದ್ದರು. ಮಾವನವರು ವೈದ್ಯರು. ಸೆರೆ ಮುಟ್ಟುವ ಮಾತಿರಲಿ, ಕುಡಿದವನ ನಾಡಿ ಹಿಡಿಯುವಾಗಲೂ ಮುಖ ಆಚೆ ತಿರುಗಿಸುವವರು. ಆದರೆ ಅವರ ಮನೆತನದ ಹೆಸರು ನಿಂತದ್ದೇ ದ್ರಾಕ್ಷಾಸವದ ಮೇಲೆ. ಸ್ವಂತ ತೋಟದ ಕರಿ ದ್ರಾಕ್ಷಿಯನ್ನು ಬೆಲ್ಲ, ಹೂ, ಮಸಾಲೆಗಳ ಜೊತೆ ಗಡಿಗೆಯಲ್ಲಿ ಹುದುಗಿಸಿ ಮಾಡುವ ಕೆಂಪು ಔಷಧಿ ಅದು. ಬೀಳಗಿ, ಮುಧೋಳದ ಕಡೆಯಿಂದಲೂ ಬಾಣಂತಿಯರಿಗೆ, ಜ್ವರ ಬಿಟ್ಟು ಎದ್ದವರಿಗೆ ಅಂತ ಜನ ಬಂದು ಒಯ್ಯುತ್ತಿದ್ದರು. ಔಷಧಿಯ ಆಸವಕ್ಕೆ ಅಡ್ಡಿಯಿಲ್ಲವೆಂದು ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿದ್ದರು. ಆದರೂ ಅದು ಹುದುಗುವಾಗ ವಾಸನೆ ಓಣಿಯ ತುದಿಯವರೆಗೆ ಹೋಗುತ್ತಿತ್ತು.

"ಕಾಯ್ದೇಕ ಗೊತ್ತೈತಿ, ಓಣ್ಯಾವ್ರಿಗೆ ಗೊತ್ತಿಲ್ಲ," ಎನ್ನುತ್ತಿದ್ದರು ಮಾವ.

ನಮ್ಮ ಮನೆ ತುಬಚಿಯ ಕಡೆ, ಕೃಷ್ಣೆಯ ದಂಡೆಗೆ ಹತ್ತಿರ. ಯಜಮಾನರು ಜಮಖಂಡಿಯಲ್ಲಿ ಸಾಲಿ ಮಾಸ್ತರರು. ಶನಿವಾರ ಬಂದು ಸೋಮವಾರ ನಸುಕಿನಲ್ಲಿ ಹೋಗುವವರು. ಹೊಲ, ತೋಟ, ಎತ್ತು ಎಲ್ಲ ನನ್ನ ಮೈದುನನ ಕೈಯಲ್ಲಿ. ದ್ರಾಕ್ಷಿ ತೋಟ ಅಂದರೆ ಬಾವಿಯ ಮಗ್ಗುಲಲ್ಲಿ ಒಂದು ಚೂರು ಜಾಗ, ಅಷ್ಟೇ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಲೇ ಆ ಬಳ್ಳಿಗಳಿಗೆ ವಯಸ್ಸಾಗಿತ್ತಂತೆ. ಬುಡ ತೊಡೆಯಷ್ಟು ದಪ್ಪ, ತೊಗಟೆ ಎಳೆ ಎಳೆಯಾಗಿ ಸುಲಿದಿತ್ತು. ಅವನ್ನು ಹಬ್ಬಿಸಿದ್ದು ಕಡಿದ ಕಂಬಕ್ಕಲ್ಲ, ಜೀವಂತ ಹಾಲವಾಣದ ಗಿಡಗಳಿಗೆ. ಹಣ್ಣು ಕಡಿಮೆ, ಕಾಳು ಸಣ್ಣದು, ಸಿಪ್ಪೆ ದಪ್ಪ. ಆದರೆ ರಸ ಉಗುರಿಗೆ ತಾಗಿದರೆ ಎರಡು ದಿನ ಹೋಗುತ್ತಿರಲಿಲ್ಲ. ಹೊಸ ಬಳ್ಳಿಯ ಹಣ್ಣಿನಿಂದ ಆ ಬಣ್ಣ ಬರುವುದೇ ಇಲ್ಲ.

ಆ ಬಳ್ಳಿಗಳಿಗೇ ಕುತ್ತು ಬಂದಿತ್ತು. ಹಿಂದಿನ ಎರಡು ವರ್ಷ ಆಸವ ಹುಳಿಯಾಗಿ ಹೋಗಿತ್ತು. ಹುದುಗುವ ಗಡಿಗೆ ಕುದಿ ನಿಲ್ಲಿಸಿದ್ದನ್ನು ಕಿವಿಯಿಟ್ಟು ಕೇಳಿ ಸಮಯಕ್ಕೆ ಸರಿಯಾಗಿ ಸೋಸಬೇಕು. ಅದು ಅತ್ತೆಯ ಕೆಲಸ. ಅತ್ತೆಗೆ ಕಿವಿ ಮಂದವಾಗಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾವು ಗಂಟಲು ಹರಿಯುವಂತೆ ಕೂಗುತ್ತಿದ್ದೆವಾದರೂ "ಈ ಮನ್ಯಾಗ ಎಲ್ಲಾರೂ ಒಳಗ ಒಳಗ ಮಾತಾಡ್ತಾರ" ಎಂದು ನಮಗೇ ಬೈಯುತ್ತಿದ್ದರು. ಅತ್ತ ಮೈದುನ ಬಾವಿಗೆ ಆಯಿಲ್ ಇಂಜಿನ್ನು ಕೂಡಿಸಿದ್ದ. ನೀರು ಬಿದ್ದಲ್ಲೆಲ್ಲ ಅವನಿಗೆ ಕಬ್ಬೇ ಕಾಣುತ್ತಿತ್ತು.

ಸಂಕ್ರಾಂತಿಯ ದಿನ ಎಲ್ಲರೂ ಊಟಕ್ಕೆ ಕೂತಾಗ ಅವನು ಮಾತು ತೆಗೆದ. "ಎರಡು ವರ್ಷ ಹಣ್ಣೂ ಹೋತು, ಬೆಲ್ಲಾನೂ ಹೋತು. ಮುದಿ ಬಳ್ಳಿ ಕಿತ್ತು ಒಗದು ಕಬ್ಬು ಹಚ್ಚೂಣು."

ಯಜಮಾನರು ಎಲ್ಲಿಯೋ ಓದಿದ್ದರು. "ಫ್ರಾನ್ಸ್ ದೇಶದಾಗ ಮುದಿ ಬಳ್ಳಿ ಹಣ್ಣಿಗೇ ಕಿಮ್ಮತ್ತು ಹೆಚ್ಚಂತ. ಅಜ್ಜ ಹಚ್ಚಿದ ಬಳ್ಳೀನ ಮೊಮ್ಮಗ ಕೀಳಂಗಿಲ್ಲಂತ ಅಲ್ಲೆ."

"ಹಂಗಾದ್ರ ಅಲ್ಲೇ ಕಳಸ್ರಿ ಅಣ್ಣಾ. ಬುಡ ಕಿತ್ತು ನಾನ ಗಂಟು ಕಟ್ಟಿ ಕೊಡ್ತೀನಿ."

ಎಲ್ಲರೂ ನಕ್ಕರು. ಅತ್ತೆಗೆ ಕೇಳಿಸಿತೋ ಇಲ್ಲವೋ, ತಾಟಿನಿಂದ ತಲೆ ಎತ್ತಲಿಲ್ಲ. ಕಡೆಗೆ ಮಾವ ಒಂದು ತೀರ್ಮಾನ ಹೇಳಿದರು. ಈ ವರ್ಷ ಒಂದು ಸಲ ನೋಡುವುದು. ಬಸವ ಜಯಂತಿಯೊಳಗೆ ಆಸವ ಸರಿಯಾಗಿ ಬಂದರೆ ಬಳ್ಳಿ ಇರಲಿ. ಕೆಟ್ಟರೆ ಮಳೆಗಾಲದ ಒಳಗೆ ನೆಲ ಕಬ್ಬಿಗೆ. ಆ ಸಂಜೆ ಅತ್ತೆ ನನ್ನನ್ನು ಅಡುಗೆ ಮನೆಗೆ ಕರೆದು, "ಇನ್ನ ಗಡಿಗೀ ಕೆಲಸಾ ನಿಂದವ್ವಾ, ನನಗ ಕೇಳಸವಲ್ದು," ಎಂದು ಮೊದಲ ಸಲ ಬಾಯಿಬಿಟ್ಟರು. ನನಗೆ ಅಳು ಬಂತು. ಅತ್ತೆ ಅಳಲಿಲ್ಲ, ಕಲಾಯಿ ಹೋದ ಹಂಡೆ ತೆಗೆದು ನನ್ನ ಮುಂದಿಟ್ಟರು.

ಶಿವರಾತ್ರಿಯಾದ ಮೇಲೆ ಹಣ್ಣು ಕೊಯ್ದೆವು. ಗೊಂಚಲು ಮುಂಜಾನೆ ತಂಪಿನಲ್ಲೇ ಕೊಯ್ಯಬೇಕು, ಒಡೆದ ಕಾಳು, ಬೂದಿ ಹತ್ತಿದ ಕಾಳು ಆರಿಸಿ ತೆಗೆಯಬೇಕು. ಕಲಾಯಿ ಹಾಕಿಸಿದ ತಾಮ್ರದ ಹಂಡೆಯಲ್ಲಿ ನೀರು ಹಾಕಿ ಕುದಿಸಿ, ನಾಲ್ಕರಲ್ಲಿ ಒಂದು ಪಾಲು ಉಳಿಯುವವರೆಗೆ ಇಳಿಸಿದೆ. ಅವಸರ ಮಾಡಿದರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಆ ಕಮಟು ಏನು ಮಾಡಿದರೂ ಹೋಗದು. ಪೂರ್ತಿ ಆರಿದ ಮೇಲೆ ಮುಧೋಳದ ಹಳೆ ಬೆಲ್ಲ, ಜೇನು, ಯಾಲಕ್ಕಿ, ದಾಲ್ಚಿನ್ನಿ, ಹಿಪ್ಪಲಿ. ಎಲ್ಲಕ್ಕಿಂತ ಮುಖ್ಯ ಒಣಗಿದ ಧಾತಕಿ ಹೂ. ಆಸವ ಏಳುವುದು ಆ ಹೂವಿನಿಂದಲೇ. ನಾನು ಹುರುಪಿನಲ್ಲಿ ಹೂವನ್ನು ತೊಳೆಯಲು ಹೋದಾಗ ಅತ್ತೆ ಕೈಮೇಲೆ ಹೊಡೆದರು. "ಅದರ ಧೂಳಿನ್ಯಾಗ ಐತಿ ಅದರ ಜೀವಾ. ತೊಳದೀ ಅಂದ್ರ ಬರೇ ಪಾನಕ ಕುಡೀಬೇಕಾಗ್ತೈತಿ."

ಒಳಗೆ ತುಪ್ಪ ಸವರಿ, ಹೊಗೆ ಕೊಟ್ಟ ಆರು ಗಡಿಗೆಗಳಿಗೆ ಹಾಕಿದೆವು. ಮೇಲೆ ಒಂದು ಗೇಣು ಖಾಲಿ ಬಿಟ್ಟೆವು. ಇಲ್ಲಿಯವರೆಗೆ ಎಲ್ಲ ನೆಟ್ಟಗೇ ನಡೆದಿತ್ತು. ಇನ್ನು ಬಾಯಿಗೆ ಮುಚ್ಚಳ ಇಟ್ಟು, ಹಳೆ ಬಟ್ಟೆಗೆ ಹುತ್ತದ ಮಣ್ಣು ಸವರಿ ಸುತ್ತಿ, ಪಡಸಾಲೆಯ ಮೂಲೆಯ ಜೋಳದ ರಾಶಿಯಲ್ಲಿ ಕುತ್ತಿಗೆಯವರೆಗೆ ಹುಗಿದರೆ ಆಯಿತು. ಅಷ್ಟರಲ್ಲಿ ಮಾವನವರಿಗೆ ಬುದ್ಧಿ ಓಡಿತು. ಹೊಸ ಜೋಳವನ್ನು ಹಗೇವಿಗೆ ತುಂಬುತ್ತಿದ್ದರು. ಹಗೇವು ಅಂದರೆ ಅಂಗಳದಲ್ಲಿ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಆ ವರ್ಷ ಜೋಳ ಅರ್ಧಕ್ಕೆ ಮಾತ್ರ ಬಂದಿತ್ತು.

"ಜೋಳದ ರಾಶಿ ಎಲ್ಲಿದ್ರೇನು? ಗಡಿಗೀನೂ ಹಗೇವಿನ್ಯಾಗ ಇಡೂಣು," ಎಂದರು ಮಾವ. "ಮ್ಯಾಲೆ ಕಲ್ಲು, ಕಲ್ಲಿನ ಮ್ಯಾಲೆ ಮಣ್ಣು. ಯಾರ ಮೂಗಿಗೂ ಹತ್ತಂಗಿಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ಬಾವಿಕಟ್ಟೆಗೆ ತಂದ ಸಿಮೆಂಟಿನಲ್ಲಿ ಸ್ವಲ್ಪ ಉಳಿದಿತ್ತು. ಮಣ್ಣಿನ ಬದಲು ಅದನ್ನೇ ಕಲಸಿ ಗಡಿಗೆಯ ಬಾಯಿಗೆ ಮೆತ್ತಿಸಿದರು.

"ಮಾವಾರ, ಅದಕ್ಕ ಉಸಿರಾಡಾಕ ಬೇಕಲ್ರಿ?" ಎಂದೆ ನಾನು.

"ಔಷಧಿ ಉಸಿರಾಡ್ತೈತೇನವ್ವಾ?" ಎಂದು ನಕ್ಕುಬಿಟ್ಟರು. ಕುದಿಯುವ ಗಡಿಗೆಯ ಮಗ್ಗುಲಲ್ಲಿ ಅವರು ಒಂದು ದಿನವೂ ಕೂತವರಲ್ಲ. ಬಾಟಲಿಗೆ ಬಂದ ಮೇಲಿನದಷ್ಟೇ ಅವರ ಸಂಬಂಧ. ಸೊಸೆ ಹೆಚ್ಚಿಗೆ ಮಾತಾಡುವ ಕಾಲ ಅದಲ್ಲ. ಅತ್ತೆ ಗಡಿಗೆ ತುಂಬಿಸಿಕೊಟ್ಟು ತವರಿಗೆ, ಚಿಮ್ಮಡಕ್ಕೆ, ಮದುವೆಗೆ ಹೋಗಿಬಿಟ್ಟಿದ್ದರು. ಮೈದುನ ಗಡಿಗೆ ಇಳಿಸಿದ, ಕುತ್ತಿಗೆಯವರೆಗೆ ಜೋಳ ಸರಿಸಿದ, ಹುಲ್ಲು ಹಾಸಿದ, ಕಲ್ಲು ಮುಚ್ಚಿದ.

ಹೋಳಿ ಹುಣ್ಣಿಮೆಯಾಗಿ ಒಂದೆರಡು ದಿನವಾಗಿರಬೇಕು. ಮುಂಜಾನೆ ಮಾವ ಅಂಗಳದಲ್ಲಿ ಬಾಜು ಎನ್ನುವ ಹಗ್ಗದ ಮಂಚದ ಮೇಲೆ ಕೂತು ಒಬ್ಬರ ನಾಡಿ ನೋಡುತ್ತಿದ್ದರು. ಕಾಲ ಕೆಳಗಿನಿಂದ ಧಡ್ ಎಂದು ಸದ್ದಾಯಿತು. ರೋಗಿ ಹಾರಿ ನಿಂತ. ಮಾವ ಮಾತ್ರ ಅವನ ಕೈ ಬಿಡದೆ, "ನಾಡಿ ಭಾಳ ಜೋರು ಐತಿ," ಎಂದರು. ಈಗ ನೆನೆದರೆ ನಗು ಬರುತ್ತದೆ. ಅವತ್ತು ನನ್ನ ಎದೆ ಒಡೆದಿತ್ತು. ಒಂದು ಗಡಿಗೆ ಸಿಡಿದಿತ್ತು.

ರೋಗಿಯನ್ನು ಕಳಿಸಿ ಎಲ್ಲರೂ ಹಗೇವಿನ ಸುತ್ತ ನಿಂತೆವು. ಹಿಂದಿನ ದಿನ ತಿರುಗಿ ಬಂದಿದ್ದ ಅತ್ತೆ ಸಿಮೆಂಟಿನ ಸುದ್ದಿ ಕೇಳಿ ಮಾವನ ಕಡೆ ಒಂದು ಸಲ ನೋಡಿದರು. ಮಾವ ಬಾಜಿನ ಹಗ್ಗ ಬಿಗಿ ಮಾಡತೊಡಗಿದರು. ಅವರದೊಂದೇ ಮಾತು: ತೆರೆಯುವುದು ಬೇಡ, ವಾಸನೆ ಹೊರಗೆ ಬರುತ್ತದೆ. ಮೈದುನನಿಗೆ ಜೋಳದ ಚಿಂತೆ. ಕಾಳು ತೊಯ್ದರೆ ಕಾವು ಏರಿ ಇಡೀ ಹಗೇವು ಕೊಳೆಯುತ್ತದೆ. "ಹೆಂಗೂ ತೊಯ್ದೈತಿ, ಕೋಲಿಲೆ ಮೇಲಿಂದ ಎಲ್ಲಾ ಗಡಿಗಿ ಒಡದುಬಿಡ್ತೀನಿ, ಆಮ್ಯಾಲೆ ಲಗೂನ ಜೋಳ ತಗೀತೀನಿ," ಎಂದ. ಗಡಿಗೆಗಳನ್ನು ಹಾಗೇ ಮೇಲೆತ್ತುವಂತಿರಲಿಲ್ಲ, ಅಲುಗಿದರೆ ಉಳಿದವೂ ಸಿಡಿಯುತ್ತಿದ್ದವು. ಐದೂ ಒಡೆದರೆ ಆಸವ ಹೋಯಿತು, ಬಳ್ಳಿ ಹೋಯಿತು. ಅದು ಎಲ್ಲರಿಗೂ ಗೊತ್ತಿತ್ತು.

ನನಗೆ ಎಲ್ಲಿಂದ ಧೈರ್ಯ ಬಂತೋ. "ನಾನ ಇಳೀತೀನಿ," ಅಂದೆ. "ಕಿವಿ ಇಟ್ಟು ಕೇಳಿ, ಯಾವ್ದು ಬಿಗದೈತಿ ಅದಕ್ಕ ಮೊದಲ ತೂತು ಹಾಕ್ತೀನಿ. ಆಮ್ಯಾಲೆ ಸಿಮೆಂಟ್ ಬಿಡಿಸಿ ಮಣ್ಣು ಕಟ್ತೀನಿ."

"ಹೆಣ್ಮಕ್ಕಳು ಹಗೇವಿಗೆ ಇಳಿಯೂ ರೂಢಿ ಇಲ್ಲ," ಎಂದರು ಮಾವ.

ಅಷ್ಟು ಹೊತ್ತು ನಮ್ಮ ಬಾಯಿಗಳನ್ನೇ ನೋಡುತ್ತಿದ್ದ ಅತ್ತೆಗೆ ಇದು ಮಾತ್ರ ಹೇಗೆ ಕೇಳಿಸಿತೋ! "ಹಗೇವು ಗಂಡಸೂರದು, ಗಡಿಗಿ ಹೆಂಗಸೂರದು. ನಮ್ಮ ಗಡಿಗಿ ನಿಮ್ಮ ಹಗೇವಿನ್ಯಾಗ ಇಟ್ಟವರ್ಯಾರು? ಈಗ ರೂಢಿ ಹೇಳಾಕ ಬಂದ್ರಿ!" ಮಾವ ಎದ್ದು ಒಳಗೆ ಹೋಗಿ ಹಗ್ಗ ತಂದರು.

ಕಲ್ಲು ಸರಿಸಿದೆವು. ಘಮ್ಮೆಂದು ಎದ್ದ ವಾಸನೆಗೆ ಕಟ್ಟಿದ ಎತ್ತುಗಳೂ ಇತ್ತ ತಿರುಗಿದವು. ಹಗೇವು ತೆರೆದ ಕೂಡಲೇ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಸತ್ತವರ ಕಥೆ ನಮ್ಮ ಕಡೆ ಪ್ರತಿ ಊರಿಗೂ ಒಂದಿದೆ. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಿಟ್ಟೆವು. ಮೊಳ ಇಳಿಯುವುದರೊಳಗೆ ಪಕ್ಕನೆ ಆರಿತು. ಕಾಳಿನ ಗಾಳಿಯ ಜೊತೆಗೆ ಗಡಿಗೆಯ ಗಾಳಿಯೂ ಸೇರಿತ್ತು. ಮೈದುನ ತನ್ನ ಹೊಸ ಬ್ಯಾಟರಿ ತಂದು ದಾರಕ್ಕೆ ಕಟ್ಟಿ ಇಳಿಸಿದ. ಅದು ಜಗಜಗ ಉರಿಯಿತು.

"ನೋಡ್ರಿ, ಇದು ಆರವಲ್ದು!"

"ಅದಕ್ಕೇನು ಮೂಗೈತೇನಲೇ?" ಎಂದರು ಅತ್ತೆ. "ನೀ ಅದರ ಸಂಗಾಟ ಇಳಿ, ಅದೊಂದ ಮ್ಯಾಲೆ ಬರ್ತೈತಿ."

ಬೇವಿನ ಟೊಂಗೆಗಳ ದೊಡ್ಡ ಕಟ್ಟು ಕಟ್ಟಿ, ಹಗ್ಗದಿಂದ ಇಳಿಸಿ ಎತ್ತಿ, ಇಳಿಸಿ ಎತ್ತಿ ಒಳಗಿನ ಗಾಳಿಯನ್ನು ಕಡೆದೆವು. ಮೈದುನನ ಭುಜ ಸೋತಾಗ ನಾನು, ನಾನು ಸೋತಾಗ ಮಾವ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕಂದೀಲು ತಳದವರೆಗೆ ಹೋದರೂ ಆರದೆ ನಿಂತಿತು. ನಾನು ಕಚ್ಚೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಉಳಿ ಸುತ್ತಿಗೆ ಹಿಡಿದು ಬಾಯಿಯ ಅಂಚಿಗೆ ಕೂತೆ. ಹಗ್ಗದ ಇನ್ನೊಂದು ತುದಿ ಮೈದುನನ ಕೈಯಲ್ಲಿತ್ತು.

"ವೈನಿ, ಮಾತಾಡಕೋತ ಇರ್ರಿ. ಮಾತು ನಿಂತ್ರ ಎಳದಬಿಡ್ತೀನಿ."

"ಏನು ಮಾತಾಡ್ಲೋ?"

"ನಿಮಗ ಅದನ್ನ ನಾ ಹೇಳಿಕೊಡಬೇಕೇನ್ರಿ?"

ಇಳಿದೆ. ಕಾಲ ಕೆಳಗೆ ಜೋಳ ಬೆಚ್ಚಗಿತ್ತು. ಒಡೆದ ಗಡಿಗೆಯ ಸುತ್ತ ಕಾಳು ಕೆಂಪಗೆ ಅಂಟಿ ಮುದ್ದೆಯಾಗಿತ್ತು. ಹೇಳಿದ ಹಾಗೆ ಬಾಯಿ ಮುಚ್ಚದೆ ಮಾತಾಡಿದೆ. ಅವನ ಕಬ್ಬನ್ನೇ ಹಿಡಿದು ಬೈದೆ. "ಇಂಜಿನ್ನ ಬಂದಾಗಿಂದ ನಿನಗ ಮನಷ್ಯಾರು ಕಾಣವಲ್ರು, ನಾಳೆ ಅಂಗಳದಾಗೂ ಕಬ್ಬು ಹಚ್ಚಂವಾ ನೀನು..." ಎನ್ನುತ್ತ ಮೊದಲ ಗಡಿಗೆಗೆ ಕಿವಿಯಿಟ್ಟೆ. ಕೇಳಬೇಕೆಂದರೆ ಸುಮ್ಮನಿರಬೇಕಲ್ಲ! ಸುಮ್ಮನಾದೆ. ಇನ್ನೇನು ಒಳಗಿನ ಸದ್ದು ಹಿಡಿಯಬೇಕು, ಸೊಂಟದ ಹಗ್ಗ ಬಿಗಿದು ನಾನು ಬಾವಿಯ ಕೊಡದಂತೆ ಮೇಲೆ ಬಂದಿದ್ದೆ. ಮೊಣಕೈ ಕಲ್ಲಿಗೆ ತರಚಿತ್ತು.

"ಸತ್ತಿಲ್ಲೋ, ಕೇಳಾಕತ್ತಿದ್ನಿ!" ಎಂದು ಚೀರಿದೆ.

ಮೈದುನನ ಮುಖ ಬಿಳಿಚಿಕೊಂಡಿತ್ತು. ನಾನು ಮೇಲೆ ಬಂದ ಮೇಲೂ ಹಗ್ಗವನ್ನು ಅಂಗೈಗೆ ಬಿಗಿದು ಸುತ್ತಿಕೊಂಡೇ ನಿಂತಿದ್ದ. ಬಳ್ಳಿ ಕೀಳಲು ಇಷ್ಟು ಗಟ್ಟಿ ಮನಸ್ಸಿನವನು ನನಗಾಗಿ ಇಷ್ಟು ಹೆದರಿದ್ದನ್ನು ಕಂಡು ಬಾಯಿಗೆ ಬಂದಿದ್ದ ಬೈಗುಳ ನುಂಗಿದೆ. ಅತ್ತೆಯೇ ಉಪಾಯ ಹೇಳಿದರು. ಮಾತಿರುವಾಗ ಮಾತು, ಕೇಳುವಾಗ ಹಗ್ಗವನ್ನು ಬಿಟ್ಟು ಬಿಟ್ಟು ಮೆಲ್ಲಗೆ ಜಗ್ಗುವುದು. ಜಗ್ಗುವುದು ನಿಂತರೆ ಮಾತ್ರ ಎಳೆಯಬೇಕು.

ಎರಡನೇ ಸಲ ಇಳಿದಾಗ ಕೇಳಿಸಿತು. ಮೊದಲ ಮಳೆ ಬಿದ್ದಾಗ ಬಿರುಕು ಬಿಟ್ಟ ಎರೆಮಣ್ಣು ನೀರು ಕುಡಿಯುವ ಸದ್ದಿರುತ್ತದಲ್ಲ, ಹಾಗೆ ಸಣ್ಣಗೆ ಚುಯ್‌ಗುಡುತ್ತಿತ್ತು. ಜೀವ ಇತ್ತು! ನಾಲ್ಕು ಗಡಿಗೆ ಹಾಗೆಯೇ ಮಾತಾಡಿದವು. ಒಂದರಲ್ಲಿ ಸದ್ದೇ ಇರಲಿಲ್ಲ. ಕೈ ಇಟ್ಟರೆ ಮುಚ್ಚಳ ಸಣ್ಣಗೆ ನಡುಗುತ್ತಿತ್ತು. ಗಾಳಿಗೆ ಏಳಲೂ ಜಾಗವಿಲ್ಲದಷ್ಟು ಬಿಗಿದಿದೆ, ಮುಂದೆ ಸಿಡಿಯುವುದು ಇದೇ ಎಂದುಕೊಂಡೆ. ಮುಖ ಪಕ್ಕಕ್ಕಿಟ್ಟು, ಸೆರಗು ಮಡಿಸಿ ಮುಚ್ಚಳದ ಮೇಲೆ ಒತ್ತಿ, ಸಿಮೆಂಟಿನ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಬಡಿದೆ. ಸುಯ್ ಎಂದು ಬಂದ ಗಾಳಿಗೆ ತಲೆ ಗಿರ್ ಎಂದಿತು. ಕೆಂಪು ನೊರೆ ಮೊಣಕೈವರೆಗೆ ಹರಿಯಿತು. ಹಗ್ಗ ಜಗ್ಗುವುದು ಮರೆತೆನೇನೋ, ಮತ್ತೆ ಮೇಲೆ ಬಂದಿದ್ದೆ. ಈ ಸಲ ಅವನನ್ನು ಬೈಯಲಿಲ್ಲ.

ಹಾಗೆ ಒಂದೊಂದು ಗಡಿಗೆಗೆ ಒಂದೊಂದು ಸಲ ಇಳಿಯುವುದು, ತೂತು ಹಾಕುವುದು, ಮೇಲೆ ಬರುವುದು, ಬೇವಿನ ಟೊಂಗೆಯಿಂದ ಗಾಳಿ ಕಡೆಯುವುದು, ಕಂದೀಲು ಇಳಿಸಿ ನೋಡುವುದು, ಮತ್ತೆ ಇಳಿಯುವುದು. ಹೊತ್ತು ಇಳಿಯುವ ಮೊದಲು ಐದಕ್ಕೂ ಉಸಿರು ಬಂತು. ಮರುದಿನ ನೊರೆ ಕೂತ ಮೇಲೆ ಸಿಮೆಂಟ್ ಪೂರ್ತಿ ಬಿಡಿಸಿ, ಅತ್ತೆ ಮೇಲಿನಿಂದ ಮಣ್ಣು ಸವರಿ ಕೊಟ್ಟ ಬಟ್ಟೆಯನ್ನು ಸುತ್ತಿ, ಒಂದೊಂದಾಗಿ ಮೆಲ್ಲಗೆ ಮೇಲೆ ತಂದು ಪಡಸಾಲೆಯ ಮೂಲೆಯ ರಾಶಿಗೆ ಸೇರಿಸಿದೆವು. ಮಾವ ತಾವೇ ಗಡಿಗೆಗಳ ಸುತ್ತ ಜೋಳ ಸರಿಸಿದರು.

ಹಗೇವು ಒಮ್ಮೆ ತೆರೆದರೆ ಪೂರ್ತಿ ಖಾಲಿ ಮಾಡಲೇಬೇಕು. ತೊಯ್ದ ಜೋಳವನ್ನು ಅಂಗಳದ ತುಂಬ ಹರವಿದೆವು. ಮಾವ ಯಾವ ವಾಸನೆಗೆ ಹೆದರಿ ಇಷ್ಟೆಲ್ಲ ಮಾಡಿದ್ದರೋ ಅದು ಓಣಿ ದಾಟಿ ಊರ ಅಗಸಿ ಬಾಗಿಲವರೆಗೆ ಹೋಯಿತು. ಕಾಳು ತಿಂದ ಗುಬ್ಬಿಗಳು ಹಾರಲಾರದೆ ಕುಪ್ಪಳಿಸಿದವು. ಜನ ಏನೇನೋ ನೆಪ ಮಾಡಿಕೊಂಡು ಬಂದು ನಿಂತರು. ಎರಡನೇ ದಿನ ದಾರೂಬಂದಿಯ ಜಮಾದಾರರೂ ಸೈಕಲ್ ಮೇಲೆ ಬಂದರು. ಮಾವ ಬಾಜಿನಿಂದ ಎದ್ದವರು ರುಮಾಲು ಸುತ್ತಿಕೊಳ್ಳುವುದನ್ನೂ ಮರೆತರು.

"ಏನ್ರಿ ವೈದ್ಯರ, ಆಸವ ಹಗೇವಿನ್ಯಾಗ ಬಚ್ಚಿಟ್ಟಿದ್ರಂತ?"

"ಬಚ್ಚಿಟ್ಟಿಲ್ರಿ... ಇಟ್ಟಿದ್ವಿ. ವಾಸನಿ ಬರಬಾರದಂತ."

ಜಮಾದಾರರು ಕಾಳು ಎತ್ತಿ ಮೂಸಿದರು, ಪಡಸಾಲೆಗೆ ಬಂದು ಗಡಿಗೆ ನೋಡಿದರು, ಮಾವನವರ ಮುಖವನ್ನೂ ನೋಡಿದರು. ಅವರ ಮೀಸೆಯ ಕೆಳಗೆ ನಗು ಬಂದದ್ದು ನನಗೆ ಬಾಗಿಲ ಸಂದಿಯಿಂದಲೂ ಕಂಡಿತು. "ನಿಮ್ಮ ಅಪ್ಪಾರ ಕಾಲದಿಂದ ಈ ಓಣ್ಯಾಗ ಈ ವಾಸನಿ ಐತ್ರಿ. ಪಡಸಾಲ್ಯಾಗ ಇಟ್ಟಿದ್ರ ಔಷಧಿ ಅಂತ ನಾ ಹಾದು ಹೋಗ್ತಿದ್ನಿ. ನೆಲದಾಗ ಹುಗದೀರಿ ಅಂತ ಕೇಳಿ ಬರಬೇಕಾತು." ಹೊರಡುವಾಗ ದನಿ ಇಳಿಸಿದರು. "ಯಾವಾಗ ತಯಾರಾಗ್ತೈತ್ರಿ? ನಮ್ಮ ಮನ್ಯಾಗ ಮಗಳು ಬಾಣಂತಿ ಅದಾಳ."

ಅವರು ಹೋದ ಮೇಲೆ ಅತ್ತೆ ಮಾವನಿಗೆ ನೀರು ಕೊಟ್ಟರು.

ಆಮೇಲಿನ ದಿನಗಳಲ್ಲಿ ನನಗೆ ಕಿವಿಯೊಂದೇ ಕೆಲಸ. ರೊಟ್ಟಿ ಬಡಿಯುತ್ತ ನಡುವೆ ಎದ್ದು ಹೋಗಿ ಗಡಿಗೆಗೆ ಕಿವಿಯಿಡುತ್ತಿದ್ದೆ. ಯುಗಾದಿಯ ಬೇವು ಬೆಲ್ಲವಾಯಿತು. ಸದ್ದು ದಿನದಿನಕ್ಕೆ ಸಣ್ಣದಾಯಿತು. ಅತ್ತೆ ಮಗ್ಗುಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂತೈತಿ?" "ಇನ್ನೂ ಅಂತೈತ್ರಿ." ಒಂದು ದಿನ ಕಿವಿಯಿಟ್ಟೆ, ಏನೂ ಇಲ್ಲ. ಮುಗಿಯಿತೋ, ಸತ್ತಿತೋ? ಅತ್ತೆ ಬಟ್ಟೆ ಬಿಚ್ಚಿಸಿದರು. ಕಡ್ಡಿ ಗೀರಿ ಗಡಿಗೆಯ ಬಾಯೊಳಗೆ ಹಿಡಿದೆ. ಉರಿ ಅಲುಗಾಡದೆ ನಿಂತಿತು. ಕುದಿ ಇದ್ದರೆ ಆರುತ್ತಿತ್ತು. ಹುಳಿಯ ಘಾಟೂ ಇರಲಿಲ್ಲ. ನನಗೆ ಕುಣಿಯಬೇಕೆನಿಸಿತು, ಕೈಯಲ್ಲಿ ಕಡ್ಡಿ ಇದ್ದದ್ದರಿಂದ ಸುಮ್ಮನಿದ್ದೆ.

ಬಸವ ಜಯಂತಿಯ ದಿನ ಸೋಸಿದ್ದನ್ನು ದೇವರ ಮುಂದಿಟ್ಟು, ಮಾವ ಮೊದಲ ಚಮಚವನ್ನು ಅತ್ತೆಗೆ ಕೊಟ್ಟರು. ಅತ್ತೆ ಕಣ್ಣು ಮುಚ್ಚಿ ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. "ನಮ್ಮತ್ತಿ ಮಾಡಿದ್ದು ಹಿಂಗ ಇತ್ತು," ಎಂದರು. ನನಗೆ ಇನ್ನೇನು ಬೇಕಿತ್ತು! ಮೈದುನನೂ ಕುಡಿದ. ಚಮಚ ನೆಕ್ಕಿದ. ಛಲೋ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ, ಎದ್ದು ಹೋದ. ಮಾವನ ಮಾತಿನಂತೆ ಬಳ್ಳಿ ಉಳಿಯಬೇಕು. ಆದರೆ ನೆಲ ಉಳುವವನು ಅವನು. ಮನಸ್ಸಿಲ್ಲದೆ ಉಳಿಸಿಕೊಂಡ ಬಳ್ಳಿಗೆ ಎಷ್ಟು ದಿನ ನೀರು ಬಿಟ್ಟಾನು ಎನ್ನುವ ಹುಳ ನನ್ನ ತಲೆಯಲ್ಲಿತ್ತು.

ಮರುದಿನ ಮುಂಜಾನೆ ಬಳ್ಳಿಯ ಟೊಂಗೆ ಸವರುವ ಛಾಟಣಿಯ ಕೆಲಸಕ್ಕೆ ಬುತ್ತಿ ಒಯ್ದೆ. ಬಳ್ಳಿಯ ಸಾಲಿನಲ್ಲಿ ಅವನು ಗುಂಡಿ ತೋಡುತ್ತಿದ್ದ, ಪಕ್ಕದಲ್ಲಿ ಕೊಡಲಿ ಬಿದ್ದಿತ್ತು. ಬುತ್ತಿ ಕೆಳಗಿಡದೆ ಅಲ್ಲೇ ನಿಂತೆ. ಹತ್ತಿರ ಹೋದ ಮೇಲೆ ಕಂಡಿತು. ಬೇಲಿಯ ಹಾಲವಾಣದಿಂದ ಹಸಿ ಗೂಟಗಳನ್ನು ಕಡಿದು ತಂದು, ಬಳ್ಳಿಗೆ ಆಸರೆಯಾಗಿದ್ದು ಸತ್ತ ಗಿಡಗಳ ಜಾಗದಲ್ಲಿ ಹುಗಿಯುತ್ತಿದ್ದ.

"ಗೂಟ ಈಗ ಹುಗದ್ರ ಮಳಿಗೆ ಚಿಗೀತಾವು," ಎಂದ, ನನ್ನ ಮುಖ ನೋಡದೆ. "ಬಳ್ಳಿ ಹೊರೂವಷ್ಟು ದಪ್ಪ ಆಗಾಕ ಮೂರ್ನಾಲ್ಕು ವರ್ಷ ಬೇಕ್ರಿ."

"ಅಲ್ಲೀತನಾ ಬಳ್ಳಿ ಇಲ್ಲೇ ಇರ್ತಾವೇನು?"

ಅವನು ಮಣ್ಣು ತುಳಿದು ಗೂಟ ಗಟ್ಟಿ ಮಾಡಿ, ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದ. ಹಗ್ಗ ಎಳೆದ ಅಂಗೈಯ ಕಲೆಗಳು ಇನ್ನೂ ಮಾಸಿರಲಿಲ್ಲ.

"ಇರ್ತಾವ್ರಿ ವೈನಿ," ಎಂದ. "ಆದ್ರ ಗಡಿಗಿ ಮಾತ್ರ ಪಡಸಾಲ್ಯಾಗ ಇಡ್ರಿ. ಇನ್ನೊಮ್ಮೆ ಆ ಹಗ್ಗ ಹಿಡೀಲಾರೆ ನಾನು."